ಶೆಟ್ಟೆವ್ವ ಆರಿಸಿದ ಐದು ಕಾಯಿ

ಕಾಯಿ ಕಡಿಯುವ ಕೊಯ್ತಾ ಕೆಳಗಿಳಿದಾಗ ಬೀರಸಿದ್ದಪ್ಪನ ಬಲಗೈ ಎಳನೀರಿನ ಗೊನೆಯ ಮೇಲಿತ್ತು. ಒಂದೇ ಪೆಟ್ಟಿಗೆ ಕಾಯಿ ಸೀಳಿ ನೀರು ಚಿಮ್ಮಿತು. ನೀರಿನ ಬೆನ್ನಿಗೇ ರಕ್ತ ಚಿಮ್ಮಿತು. ಮೂರು ಬೆರಳುಗಳು ಹಸಿರು ಕಾಯಿಗಳ ನಡುವೆ ಉರುಳಿ, ಪರವೂರಿನಲ್ಲಿ ದಾರಿ ತಪ್ಪಿದವರಂತೆ ಅಲ್ಲೇ ನಿಂತುಬಿಟ್ಟವು. ಬೀರಸಿದ್ದಪ್ಪ ಕೂಗಲಿಲ್ಲ. ಕೂಗಿದವಳು ಅವನ ಹೆಂಡತಿ ಶೆಟ್ಟೆವ್ವ. ಹತ್ತು ಮಾರು ಆಚೆ, ನೆಲಕ್ಕೆ ನೆಟ್ಟ ಹಾರೆಗೆ ಕಾಯಿ ಚುಚ್ಚಿ ಸಿಪ್ಪೆ ಸುಲಿಯುತ್ತಿದ್ದವಳು ಕೈಯಲ್ಲಿದ್ದುದನ್ನು ಚೆಲ್ಲಿ ಓಡಿದಳು.

ಕೊಯ್ತಾ ಹಿಡಿದು ನಿಂತವನು ಲಕ್ಷ್ಮಣ. ಬೀರಸಿದ್ದಪ್ಪನ ತೀರಿಹೋದ ಅಣ್ಣನ ಮಗ. ಮೂವತ್ತೆರಡು ವರ್ಷದ ಗಂಡಸು; ಶೆಟ್ಟೆವ್ವ ಎದೆಗವಚಿಕೊಂಡು ಬೆಳೆಸಿದ ಕೂಸು.

"ಕೈ ಜಾರ್ತು, ಚಿಗವ್ವ," ಎಂದ. ಅವನ ತುಟಿ ಬಿಳಚಿಕೊಂಡಿತ್ತು. "ಖರೇನ ಕೈ ಜಾರ್ತು."

ಅರ್ಧ ತಾಸಿನ ಹಿಂದೆ ಶುರುವಾದ ಜಗಳ ಅದು. ಮೂಡಲಗಿಯ ಆಚೆ, ಘಟಪ್ರಭೆಯ ನೀರು ಹರಿವ ಕಾಲುವೆಯ ಏರಿಯ ಮೇಲೆ ಆ ಮನೆತನದ ಇಪ್ಪತ್ತೆರಡು ತೆಂಗಿನ ಮರಗಳಿದ್ದವು. ಚಿಕ್ಕಪ್ಪ, ಅಣ್ಣನ ಮಗ ಇಬ್ಬರಿಗೂ ಸೇರಿದ ಮರಗಳು. ಕುರಿ ಬಿಟ್ಟು ತೋಟ ಹಿಡಿದ ಮೇಲೆ ಬೀರಸಿದ್ದಪ್ಪನಿಗೆ ಬಲಿತ ಕಾಯಿಯ ವ್ಯಾಪಾರವೇ ಬದುಕು. ಲಕ್ಷ್ಮಣನಿಗೆ ಎಳನೀರಿನ ಗಾಡಿಯ ಆಸೆ.

"ಬ್ಯಾಸಿಗಿ ಬಿಸಲಾಗ ಧುಪದಾಳದ ಹಾದ್ಯಾಗ ಮಂದಿ ಎಳನೀರ ಕೇಳ್ತಾರ, ಕಾಕಾ. ನಿನ್ನ ಒಣ ಕಾಯಿ ಯಾರು ಕೇಳ್ತಾರ?"

"ಎಳನೀರ ಕುಡದವ ಮುಂದಿನ ಗಿಡದ ಬುಡಕ ಉಚ್ಚಿ ಹೊಯ್ದು ಮರೀತಾನ. ಕಾಯಿ ಬಲೀಲಿ. ಹಾಲ ಬರ್ತೈತಿ, ಎಣ್ಣಿ ಬರ್ತೈತಿ, ಹಿಂಡಿ ಎಮ್ಮಿಗೆ, ಚಿಪ್ಪ ಒಲಿಗೆ, ನಾರು ಹಗ್ಗಕ್ಕ. ಒಂದ ಕಾಯಾಗ ಇಡೀ ಸಂಸಾರ ಐತಿ."

"ಮರದ ಮ್ಯಾಲ ಒಣಗಿದ ಕಾಯಿಗತೆ ಆಗಿ ನೋಡು ನೀ. ಒಳಗ ಗಡಗಡ, ಮ್ಯಾಲ ಬರೇ ಜುಟ್ಟ."

ಆಗ ಬೀರಸಿದ್ದಪ್ಪ ಆಡಬಾರದ್ದನ್ನು ಆಡಿದ. "ಹಡದ ಅವ್ವನ್ನ ತಿಂದ ಹುಟ್ಟಿದವಗ ಹಿರ್ಯಾರು ಕಿರ್ಯಾರು ಏನ ಗೊತ್ತಿರ್ತೈತಿ?" ಎಂದು, ಎಳೆಯ ಗೊನೆಯನ್ನು ಎಳೆದುಕೊಳ್ಳಲು ಕೈ ಚಾಚಿದ. ಅದೇ ಹೊತ್ತಿಗೆ ಲಕ್ಷ್ಮಣ ಗೊನೆ ಕಡಿಯಲು ಕೊಯ್ತಾ ಎತ್ತಿದ್ದ. ಅದು ಒಂದು ಗಳಿಗೆ ಗಾಳಿಯಲ್ಲಿ ನಿಂತಿತು. ನಿಂತದ್ದನ್ನು ಶೆಟ್ಟೆವ್ವ ಕಣ್ಣಾರೆ ಕಂಡಿದ್ದಳು. ಜಾರುವ ಕೈ ಹಾಗೆ ನಿಲ್ಲುವುದಿಲ್ಲ ಎಂಬುದು ಅವಳ ಎದೆಯಲ್ಲಿ ಮುಳ್ಳಿನಂತೆ ಮುರಿದು ಉಳಿಯಿತು.

ಬೆರಳುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು, ನೆರೆಯ ದುಂಡೇಶನ ಟೆಂಪೋದಲ್ಲಿ ಗೋಕಾಕಕ್ಕೆ ಹೋದರು. ಡಾಕ್ಟರು ಗಂಟು ಬಿಚ್ಚಿ ನೋಡಿ ತಲೆಯಾಡಿಸಿದರು. ಮಣ್ಣು, ನಾರು, ಎಳನೀರಿನ ಅಂಟು, ಜೋಡಿಸುವಂಥದ್ದೇನೂ ಉಳಿದಿರಲಿಲ್ಲ. ಹೇಗಾಯಿತು ಎಂದು ಕೇಳಿದವರಿಗೆ ಬೀರಸಿದ್ದಪ್ಪ, "ಕಾಯಿ ಕಡೀವಾಗ ತಾಕ್ತರಿ," ಎಂದಷ್ಟೇ ಹೇಳಿದ. ಪೊಲೀಸರ ಮೆಟ್ಟಿಲು ಹತ್ತುವುದು ಅವನಿಗೆ ಬೇಕಿರಲಿಲ್ಲ. ಆದರೆ ಅವರು ವಾಸವಿದ್ದ ಕುರುಬರ ದೊಡ್ಡಿಯ ಹಿರಿಯರು ಬಿಡಲಿಲ್ಲ. ಮಾತು ಕುಲದೇವರು ಬೀರಪ್ಪನ ಗುಡಿಯ ಕಟ್ಟೆ ಹತ್ತಿತು.

ಆ ದೊಡ್ಡಿಯಲ್ಲಿ ಒಂದು ರೂಢಿಯಿತ್ತು. ರಕ್ತ ಹರಿದ ಜಗಳದಲ್ಲಿ ಒಬ್ಬ 'ಬೇಕೆಂದು ಮಾಡಲಿಲ್ಲ' ಎಂದರೆ ಅವನು ಬೀರಪ್ಪನ ಮುಂದೆ ತಲೆಗಾಯಿ ಕೊಡಬೇಕು. ನೊಂದ ಮನೆಯವರು ಐದು ಕಾಯಿ ಆರಿಸಿ ತರಬೇಕು. ಪೂಜಾರಿ ಅವುಗಳನ್ನು ಅವನ ನೆತ್ತಿಯ ಮೇಲೆ ಒಂದೊಂದಾಗಿ ಒಡೆಯಬೇಕು. ಒಂದು ಕಾಯಿಗೆ ಮೂರು ಪೆಟ್ಟು. ಐದೂ ಒಡೆದರೆ ಮಾತು ಖರೆ, ಅಲ್ಲಿಗೆ ಜಗಳ ಮುಗಿಯಿತು. ಒಂದು ಒಡೆಯದೆ ಉಳಿದರೂ ಸುಳ್ಳು. ಅವನಿಗೆ ಆ ನೀರಿಲ್ಲ, ಆ ನೆಲವಿಲ್ಲ, ಮರಗಳಲ್ಲಿ ಪಾಲಿಲ್ಲ. ಕಾಯಿ ಆರಿಸುವುದು ಮನೆಯ ಗಂಡಸಿನ ಕೆಲಸ. ಆದರೆ ಬೀರಸಿದ್ದಪ್ಪನ ಕೈ ಬಟ್ಟೆಯ ಗಂಟಾಗಿತ್ತು. ಬೆರಳಿಲ್ಲದೆ ಕಾಯಿ ತಟ್ಟಿ ನೋಡುವುದು ಹೇಗೆ?

"ಆಕೀನs ಆರಸಲಿ," ಎಂದರು ಹಿರಿಯರು. "ಆಕಿ ಕಿವಿ ಮುಂದ ನಮ್ಮ ಕಿವಿ ಯಾತರದ್ದು?"

ಮಾತು ಸುಳ್ಳಲ್ಲ. ಮೂಡಲಗಿಯ ಬಸ್ ನಿಲ್ದಾಣದ ಬಾಜೂ ಗೋಣಿತಟ್ಟು ಹಾಸಿ ಇಪ್ಪತ್ತು ವರ್ಷದಿಂದ ಕಾಯಿ ಮಾರುವ ಶೆಟ್ಟೆವ್ವನ ಉಗುರಿಗೆ ಕಾಯಿಯ ಹೊಟ್ಟೆಯೊಳಗಿನದೆಲ್ಲ ತಿಳಿಯುತ್ತಿತ್ತು. ತಲೆಗಾಯಿಯ ಹಿಂದಿನ ದಿನವೂ ಅವಳು ಅಂಗಡಿ ತೆರೆದಳು. ಮನೆಯಲ್ಲಿ ಕುಳಿತರೆ ಗಂಡನ ಗಾಯದ ವಾಸನೆ. ಇಲ್ಲಿ ಕುಳಿತರೆ ಕೊಬ್ಬರಿಯ ವಾಸನೆ. ಅದು ಸ್ವಲ್ಪ ತಡೆದುಕೊಳ್ಳಬಹುದಾದದ್ದು.

ಓಣಿಯ ಯಲ್ಲವ್ವ ಬಂದು ಎದುರಿಗೆ ಕುಕ್ಕರಿಸಿದಳು. "ನಾಕು ಗಿಟಕ ಕೊಡ ಶೆಟ್ಟೆವ್ವ. ಸೊಸಿ ಬಾಣಂತಿ ಅದಾಳ. ಮೈಯಾಗ ಕಸುವ ಇಲ್ಲ."

ಶೆಟ್ಟೆವ್ವ ಒಣ ಕೊಬ್ಬರಿಯ ಗಿಟಕಗಳನ್ನು ಆರಿಸುತ್ತ, ಬಾಯಿಪಾಠವಾಗಿದ್ದುದನ್ನು ಹೇಳಿದಳು. "ಅಂಟು, ಉತ್ತತ್ತಿ, ಬೆಲ್ಲ ಕೂಡಿಸಿ ಉಂಡಿ ಕಟ್ಟು. ದಿನಕ್ಕ ಒಂದು. ಟೊಂಕಕ್ಕ ಬಲಾ ಬರ್ತೈತಿ, ಕೊಬ್ಬರಿ ನಾರಿಗೆ ಹೊಟ್ಟಿ ಸಾಫ್ ಇರ್ತೈತಿ. ಹಸಿ ಕಾಯಿ ತುರದು ಚಟ್ನಿ ಮಾಡಿ ರೊಟ್ಟಿಗೆ ಕೊಡು. ಆದ್ರ ನೀ ಮುಟ್ಟಬ್ಯಾಡ. ಜಿಡ್ಡು ಭಾಳ ಇರ್ತೈತಿ. ಈಗs ಬಾಗಲಾ ಹಾಯೂದು ಕಷ್ಟ ಐತಿ ನಿಂದು."

"ನಿನ್ನ ಬಾಯಾಗ ಹುಳ ಬೀಳಲಿ," ಎಂದು ನಕ್ಕ ಯಲ್ಲವ್ವ ದನಿ ತಗ್ಗಿಸಿದಳು. "ನಾಳೆ ಕಾಯಿ ನೀನs ಆರಸ್ತಿ ಅಂತಲ್ಲ? ಬಿಡಬ್ಯಾಡ ಅಂವನ್ನ. ಉಣಿಸಿದ ಕೈಗೆ ಕೊಯ್ತಾ ಹಾಕ್ಯಾನ."

ಶೆಟ್ಟೆವ್ವ ಗಿಟಕ ಕಟ್ಟಿಕೊಟ್ಟು ರೊಕ್ಕ ಎಣಿಸಿಕೊಂಡಳು.

ಉಣಿಸಿದ ಕೈ ಎಂದರೆ ನಿಜಕ್ಕೂ ಅವಳದೇ. ಅವಳು ಹುಕ್ಕೇರಿಯ ಕಡೆಯ ದಡ್ಡಿ ಎಂಬ ಊರಿನಿಂದ ಮದುಮಗಳಾಗಿ ಬಂದಾಗ ಲಕ್ಷ್ಮಣ ಇಪ್ಪತ್ತು ದಿನದ ಕೂಸು, ಹಡೆದವಳು ಮಣ್ಣಲ್ಲಿ. ಆಡಿನ ಹಾಲು ಹಿಂಡಿ, ಅರಳೆಯ ಬತ್ತಿಯಿಂದ ಬಾಯಿಗೆ ಬಿಟ್ಟು ಅವನನ್ನು ಉಳಿಸಿಕೊಂಡಳು. ಹಲ್ಲು ಬರುವ ಹೊತ್ತಿಗೆ ಗಂಜಿಗೆ ಕಾಯಿಹಾಲು ಕಲಸಿ ಉಣಿಸಿದಳು; ಮೂಳೆ ಎದ್ದು ಕಾಣುತ್ತಿದ್ದ ಕೂಸಿನ ಕೆನ್ನೆ ಆರು ತಿಂಗಳಲ್ಲಿ ತುಂಬಿತು. ಒಮ್ಮೆ ವಾಂತಿಭೇದಿಯಾಗಿ ಕಣ್ಣು ಗುಳಿ ಬಿದ್ದಾಗ, ಆಸ್ಪತ್ರೆ ಮುಟ್ಟುವ ತನಕ ಎಳನೀರನ್ನು ಚಮಚೆ ಚಮಚೆಯಾಗಿ ಹನಿಸುತ್ತ, ಒಂದೊಂದು ಗುಟುಕಿಗೂ ದೇವರ ಹೆಸರು ಹೇಳಿದ್ದಳು. ನೆತ್ತಿಯ ಮೇಲಿನ ಮೆತ್ತನೆಯ ಜಾಗ ಬಡಿದುಕೊಳ್ಳುವುದನ್ನು ನೋಡುತ್ತ ಅದರ ಮೇಲೆ ಕೊಬ್ಬರಿ ಎಣ್ಣೆ ಹೊಯ್ಯುತ್ತಿದ್ದಳು. ಏಳನೆಯ ವರ್ಷಕ್ಕೆ ಅವನು ಏರಿಯಿಂದ ಕೆಳಗೆ ಬಿದ್ದು ನೆತ್ತಿಯ ಎಡಕ್ಕೆ ಒಂದು ತಗ್ಗು ಉಳಿದಿತ್ತು. ಎಣ್ಣೆ ಹಚ್ಚುವಾಗ ಅವಳ ಹೆಬ್ಬೆರಳು ಅಲ್ಲಿ ಸರಿಯಾಗಿ ಕೂರುತ್ತಿತ್ತು. ಆ ತಗ್ಗಿನ ಕೆಳಗೆ ಎಲುಬು ತೆಳುವಾಗಿದೆ ಎಂದು ಆಗಿನ ವೈದ್ಯರು ಹೇಳಿದ್ದನ್ನು ಈಗ ನೆನಪಿಟ್ಟುಕೊಂಡವಳು ಅವಳೊಬ್ಬಳೇ.

ಅಂಗಡಿ ಕಟ್ಟಿ ಮನೆಗೆ ಬಂದು, ಸುಲಿದ ಕಾಯಿಯ ಗುಂಪಿನ ಮುಂದೆ ಕುಳಿತಳು.

ತಲೆಗೆ ಎಂಥ ಕಾಯಿ ಒಯ್ಯಬೇಕೆಂದು ಆ ದೊಡ್ಡಿಯ ಗಂಡಸರಿಗೆಲ್ಲ ಗೊತ್ತು. ಚೆನ್ನಾಗಿ ಬಲಿತು, ನೀರು ಅರ್ಧ ಬತ್ತಿ, ಅಲ್ಲಾಡಿಸಿದರೆ ಗಳಗಳ ಎನ್ನುವ ಉದ್ದನೆಯ ಕಾಯಿ. ತಟ್ಟಿದರೆ ಠಣ್ ಎನ್ನಬೇಕು. ಅದರ ಚಿಪ್ಪು ತೆಳುವಾಗಿ ಒಣಗಿರುತ್ತದೆ, ಒಂದೇ ಪೆಟ್ಟಿಗೆ ನಗುತ್ತ ಒಡೆಯುತ್ತದೆ. ಎಷ್ಟೇ ಹಗೆಯಿದ್ದರೂ ಅಂಥವನ್ನೇ ಒಯ್ಯುತ್ತಿದ್ದರು. ಬೀರಪ್ಪ ನ್ಯಾಯ ಹೇಳಲಿ, ಹೆಣ ಬೀಳುವುದು ಬೇಡ ಎಂಬುದು ಬಾಯಿಬಿಟ್ಟು ಆಡದ ಒಪ್ಪಂದ. ಶೆಟ್ಟೆವ್ವ ಎತ್ತಿಕೊಂಡ ಮೊದಲ ಕಾಯಿ ಅಂಥದ್ದು. ಮಂದಿಯ ಕಣ್ಣಿಗೆ ಮೇಲೆ ಕಾಣಲಿ ಎಂದು ಅದನ್ನು ಆಚೆಗಿಟ್ಟಳು.

ಉಳಿದ ನಾಲ್ಕನ್ನು ಬೇರೆ ಗುಂಪಿನಿಂದ ಆರಿಸಿದಳು. ಇನ್ನೂ ಎರಡು ತಿಂಗಳು ಮರದಲ್ಲಿರಬೇಕಾಗಿದ್ದ, ಜಗಳದ ದಿನ ಗೊನೆಗಳೊಂದಿಗೆ ಕೆಳಗಿಳಿದ ಸಣ್ಣ ದುಂಡು ಕಾಯಿಗಳು. ದಪ್ಪ ಚಿಪ್ಪು, ಅದೂ ಇನ್ನೂ ಹಸಿ; ಒಳಗೆ ಕಂಠಮಟ್ಟ ನೀರು, ಅಲ್ಲಾಡಿಸಿದರೆ ಉಸಿರೆತ್ತದು. ತಟ್ಟಿದರೆ ದಬ್ ಎನ್ನುವ ಕಿವುಡು ಕಾಯಿ. ಕಲ್ಲಿಗೆ ಹೊಡೆದರೂ ಪುಟಿದು ಬರುವಂಥವು. ಎರಡನ್ನು ಬುಟ್ಟಿಗೆ ಹಾಕಿ, ಮೂರನೆಯದನ್ನು ಎತ್ತಿ ಮತ್ತೆ ಗುಂಪಿಗೆ ಇಟ್ಟಳು. ಒಳಕೋಣೆಯಲ್ಲಿ ಬೀರಸಿದ್ದಪ್ಪ ನಿದ್ದೆಯಲ್ಲಿ ಇಲ್ಲದ ಬೆರಳುಗಳನ್ನು ಮಡಚಲು ಹೋಗಿ ನರಳಿದ. ಇನ್ನೆರಡನ್ನೂ ಹಾಕಿದಳು.

ಮರುದಿನ ಹೊತ್ತು ನೆತ್ತಿಗೇರುವ ಮುನ್ನ ಕಟ್ಟೆಯ ಸುತ್ತ ಮಂದಿ ನೆರೆದರು. ಹತ್ತಾರು ಮೊಬೈಲ್‌ಗಳು ಮೇಲೆದ್ದವು. ಡೊಳ್ಳುಗಳು ಕಾಯುತ್ತಿದ್ದವು. ಪೂಜಾರಿ ಲಕ್ಕಪ್ಪ ಮೈಗೆಲ್ಲ ಭಂಡಾರದ ಅರಿಶಿನ ಬಳಿದುಕೊಂಡು ನಿಂತಿದ್ದ. ಅರವತ್ತು ದಾಟಿದ್ದರೂ ಹೋರಿಯ ಹೆಗಲು ಅವನದು. ಹೆಂಗಸರು ತಾವು ದಾಟಬಾರದ ಗೆರೆಯಾಚೆ ನಿಂತರು.

ಬುಟ್ಟಿಯನ್ನು ಹಾಸುಗಲ್ಲಿನ ಮೇಲೆ ಬೋರಲು ಹಾಕಿದರು. ಐದು ಕಾಯಿ ಉರುಳಿದವು. ಒಂದು ಠಣ್ ಎಂದಿತು. ನಾಲ್ಕು ದಬ್, ದಬ್ ಎಂದು ಮೂಕವಾಗಿ ಬಿದ್ದವು.

ಅಷ್ಟು ಗದ್ದಲದಲ್ಲಿ ಆ ಸಪ್ಪಳವನ್ನು ಓದಿದ ಕಿವಿಗಳು ಮೂರು ಜನರವು. ಬೀರಸಿದ್ದಪ್ಪ ಥಟ್ಟನೆ ತಲೆಯೆತ್ತಿ ಹೆಂಡತಿಯ ಕಡೆ ನೋಡಿದ. ನೋಡಿದವನು ತನ್ನ ಕೈಯ ಬಟ್ಟೆಯತ್ತ ಕಣ್ಣಿಳಿಸಿದ. ಲಕ್ಷ್ಮಣ ರುಮಾಲು ಬಿಚ್ಚುತ್ತಿದ್ದ. ಅವನ ಕೈ ಅರೆಗಳಿಗೆ ತಡೆಯಿತು. ಮತ್ತೆ ಬಿಚ್ಚಿ, ಮಡಿಸಿಟ್ಟು, ಚಕ್ಕಳಮಕ್ಕಳ ಹಾಕಿ ಕುಳಿತ.

"ಬೇಕಂತ ಹೊಡದಿ ಏನೊ?" ಲಕ್ಕಪ್ಪ ಕೇಳಿದ.

"ಕೈ ಜಾರ್ತು."

ಡೊಳ್ಳು ಎದ್ದವು.

ಮೊದಲ ಕಾಯಿ ಒಂದೇ ಪೆಟ್ಟಿಗೆ ಒಡೆದು, ನೀರು ಅವನ ಹುಬ್ಬಿನಿಂದ ಗದ್ದಕ್ಕಿಳಿಯಿತು. ಮಂದಿ ಕೇಕೆ ಹಾಕಿದರು. ಎರಡನೆಯದು ಬಿತ್ತು, ಒಡೆಯಲಿಲ್ಲ. ಲಕ್ಷ್ಮಣನ ಕುತ್ತಿಗೆ ಭುಜಗಳೊಳಗೆ ಕುಸಿಯಿತು. ಎರಡನೆಯ ಪೆಟ್ಟಿಗೆ ಚರ್ಮ ಹರಿದು, ಕೂದಲ ನಡುವಿನಿಂದ ಕೆಂಪು ಹರಿದು ಬಂತು. ಮೂರನೆಯದಕ್ಕೆ ಲಕ್ಕಪ್ಪ ಕಾಲ್ಬೆರಳ ಮೇಲೆ ಎದ್ದು ಹೊಡೆದ; ಕಾಯಿ ಒಲ್ಲದ ಮನಸ್ಸಿನಿಂದ ಒಂದು ಗೆರೆ ಬಿಟ್ಟಿತು. ಗೆರೆಯೂ ಲೆಕ್ಕಕ್ಕೆ ಬರುತ್ತದೆಂದು ಹಿರಿಯರು ಕೈ ಎತ್ತಿದರು. ನೀರು, ರಕ್ತ ಬೆರೆತು ಅವನ ಅಂಗಿ ಎದೆಗೆ ಅಂಟಿತ್ತು.

ಮೂರನೆಯ ಕಾಯಿ ಎಲ್ಲಕ್ಕಿಂತ ಸಣ್ಣದು, ಎಲ್ಲಕ್ಕಿಂತ ಭಾರ. ಅದನ್ನು ಆರಿಸಿದ ಗಳಿಗೆ ಶೆಟ್ಟೆವ್ವನ ಅಂಗೈಗೆ ನೆನಪಿತ್ತು. ಮೊದಲ ಪೆಟ್ಟಿಗೆ ಅವನ ಮೂಗಿನಿಂದ ರಕ್ತ ಇಳಿಯಿತು. ಎರಡನೆಯದು ನೆತ್ತಿಯ ಎಡಕ್ಕೆ ಬಿತ್ತು. ಬಡಿದ ಸಪ್ಪಳ ಕಾಯಿಯದಾಗಿರಲಿಲ್ಲ. ಲಕ್ಷ್ಮಣ ಕಡಿದ ಮರದಂತೆ ಪಕ್ಕಕ್ಕೆ ಬಿದ್ದ. ಯಾರೂ ಎತ್ತಬಾರದು, ಅದೂ ರೂಢಿ. ಅವನು ನೆಲಕ್ಕೆ ಕೈಯೂರಿ, ಒಂದು ಸಲ ಜಾರಿ, ಮತ್ತೆ ಊರಿ ಎದ್ದು ಕುಳಿತ. ಒಂದು ಕಣ್ಣು ರಕ್ತದಲ್ಲಿ ಮುಚ್ಚಿತ್ತು.

ಲಕ್ಕಪ್ಪ ಬಗ್ಗಿದ. "ಸಾಕ ಮಾಡೊ. ಸುಳ್ಳ ಅಂತ ಒಪ್ಗೊಂಡು ಎದ್ದ ಹೋಗು. ಜೀವರೆ ಉಳೀತೈತಿ."

"ಇನ್ನೊಂದ ಪೆಟ್ಟ ಐತಿ," ಎಂದ ಲಕ್ಷ್ಮಣ. "ಹೊಡೀ."

ತೆರೆದಿದ್ದ ಇನ್ನೊಂದು ಕಣ್ಣು ಗೆರೆಯಾಚೆ ನಿಂತ ಶೆಟ್ಟೆವ್ವನನ್ನು ಹುಡುಕಿ ಹಿಡಿಯಿತು. ಅದರಲ್ಲಿ ಬೇಡಿಕೆಯಿರಲಿಲ್ಲ, ಸಿಟ್ಟೂ ಇರಲಿಲ್ಲ. ಅವನಿಗೆ ಮೊದಲೇ ಗೊತ್ತಿದೆ ಎಂಬುದು ಮಾತ್ರ ಇತ್ತು. ಕಾಯಿಗಳು ಕಲ್ಲಿನ ಮೇಲೆ ಉರುಳಿದಾಗಲೇ ಗೊತ್ತಾಗಿ, ಗೊತ್ತಿದ್ದೂ ಕುಳಿತಿದ್ದ.

"ನಿಲ್ಲಸ್ರಿ!" ಎಂದು ಕೂಗಿದಳು. ಡೊಳ್ಳಿನ ಸದ್ದಿನಲ್ಲಿ ಅವಳ ದನಿ ಮಳೆಗೆ ಸಿಕ್ಕ ಬೂದಿಯಾಯಿತು. ಲಕ್ಕಪ್ಪನ ತೋಳು ಮೇಲೇರಿತು. ಶೆಟ್ಟೆವ್ವ ಗೆರೆ ದಾಟಿದಳು. ಹಾಸುಗಲ್ಲಿನ ಮೇಲೆ ಉಳಿದಿದ್ದ ಎರಡರಲ್ಲಿ ಒಂದನ್ನು ಎತ್ತಿ, ಇಳಿಯುತ್ತಿದ್ದ ಆ ತೋಳಿನ ಮೊಣಕೈಗೆ ಇದ್ದಬದ್ದ ಕಸುವಿನಿಂದ ಬಾರಿಸಿದಳು.

ಎಲುಬು ಮುರಿದ ಸಪ್ಪಳಕ್ಕೆ ಡೊಳ್ಳು ನಿಂತವು. ಕಾಯಿ ಲಕ್ಕಪ್ಪನ ಕೈಯಿಂದ ಉದುರಿ, ಲಕ್ಷ್ಮಣನ ತೊಡೆಗೆ ತಾಗಿ ಹೊರಳಿತು. ಲಕ್ಕಪ್ಪ ತೋಳು ಹಿಡಿದು ಕುಸಿದ. ಯಾರೋ ಹಿಂದಿನಿಂದ ಶೆಟ್ಟೆವ್ವನ ತುರುಬಿಗೆ ಕೈ ಹಾಕಿ ಎಳೆದರು. ಇನ್ಯಾರೋ ಕೆನ್ನೆಗೆ ಹೊಡೆದರು. ಬಾಯೊಳಗೆ ಉಪ್ಪಿನ ರುಚಿ ಹರಡಿತು. ಬೀರಸಿದ್ದಪ್ಪ ನುಗ್ಗಿ ಬಂದು, ಬಟ್ಟೆ ಸುತ್ತಿದ ಕೈಯಿಂದಲೇ ಒಬ್ಬನ ಎದೆಗೆ ಗುದ್ದಿದ. ಬಟ್ಟೆ ಕೆಂಪಾಯಿತು.

"ಬಿಡ್ರಿ ಆಕೀನ್ನ! ಏನೋ ಹೇಳಾಕತ್ತಾಳ, ಕೇಳ್ರಿ!"

"ಅಂವಂದು ಖರೆನೊ ಸುಳ್ಳೊ, ನನಗ ಗೊತ್ತಿಲ್ಲ," ಎಂದಳು ಶೆಟ್ಟೆವ್ವ. ಕೂದಲು ಮುಖದ ತುಂಬ ಚೆಲ್ಲಿತ್ತು. "ಈ ಕಾಯಿ ಸುಳ್ಳು. ಒಡೀಬಾರದು ಅಂತs ಆರಿಸೇನಿ. ನಾಕೂ ಕಿವುಡ ಅದಾವು. ಬೇಕಾದ್ರ ತಟ್ಟಿ ನೋಡ್ರಿ."

ಹಿರಿಯನೊಬ್ಬ ಬಗ್ಗಿ, ಉರುಳಿದ್ದ ಕಾಯಿಯನ್ನು ಉಗುರಿನಿಂದ ತಟ್ಟಿದ. ಮತ್ತೊಮ್ಮೆ ತಟ್ಟಿದ. ಅದನ್ನು ಕೆಳಗಿಟ್ಟು ಕೈಯನ್ನು ಧೋತರಕ್ಕೆ ಒರೆಸಿಕೊಂಡ, ಅಂಟಿದ್ದೇನೋ ಹೋಗುವುದಿಲ್ಲವೆಂಬಂತೆ.

"ದೇವರ ಮುಂದ ಒಂದ ಮಾತು ಒಂದs ಸಲ ಇಡೂದು," ಎಂದ. "ಅದನ್ನ ನೀ ಕೆಡಿಸಿದಿ. ಇನ್ನ ಅಂವಾ ಖರೇದಾಂವನೂ ಅಲ್ಲ, ಸುಳ್ಳನೂ ಅಲ್ಲ. ನಿಮ್ಮ ಮನೀ ಮಾತು ಇನ್ನಮ್ಯಾಲ ಈ ಕಟ್ಟಿಗೆ ಬರೂದು ಬ್ಯಾಡ. ಹೋಗ್ರಿ."

ಯಾರೂ ಹೆಗಲು ಕೊಡಲಿಲ್ಲ. ದುಂಡೇಶನೊಬ್ಬ ಬಂದ. ಅವನೂ, ಒಂದೇ ಕೈ ಆಡುವ ಬೀರಸಿದ್ದಪ್ಪನೂ, ಶೆಟ್ಟೆವ್ವನೂ ಸೇರಿ ಲಕ್ಷ್ಮಣನನ್ನು ಟೆಂಪೋಕ್ಕೆ ಹಾಕಿದರು. ಮುಂದೆ ಬೀರಸಿದ್ದಪ್ಪ, ಹಿಂದೆ ಹಲಗೆಯ ಮೇಲೆ ಶೆಟ್ಟೆವ್ವ. ಅವಳ ತೊಡೆಯ ಮೇಲೆ ಆ ತಲೆ. ಸೆರಗನ್ನು ಮುದ್ದೆ ಮಾಡಿ ನೆತ್ತಿಗೆ ಒತ್ತಿ ಹಿಡಿದಳು. ಬಟ್ಟೆಯ ಕೆಳಗೆ ಏನೋ ಬಡಿದುಕೊಳ್ಳುತ್ತಿತ್ತು. ಗೋಕಾಕದ ಹಾದಿಯ ಇಕ್ಕೆಲದ ಕಬ್ಬು ಬಿಸಿಲಿನಲ್ಲಿ ಕತ್ತಿಯಂತೆ ಹೊಳೆಯುತ್ತ ಹಿಂದಕ್ಕೆ ಓಡಿತು.

"ಸಪ್ಪಳಾ ಕೇಳಿದ್ದಿ, ಹೌದಲ್ಲೊ?" ಎಂದಳು.

"ಹೂಂ. ಬುಟ್ಟಿ ಚೆಲ್ಲಿದಾಗs ಗೊತ್ತಾತು."

"ಮತ್ತ ಯಾಕ ಕುಂತಿ? ಎದ್ದ ಹೇಳಬಾರದಾಗಿತ್ತೇನು?"

ಅವನು ನಾಲಿಗೆಯಿಂದ ತುಟಿ ಸವರಿದ. ತುಟಿಯ ಮೇಲಿನ ರಕ್ತ ಒಣಗಿ ಬಿರಿದಿತ್ತು.

"ಕೈ ಜಾರ್ತು ಅಂತ ಹೇಳಿ ಹೇಳಿ ಜಾರಿದ್ಹಂಗs ಆಗೈತಿ, ಚಿಗವ್ವ. ಖರೆ ಏನಂತ ನನಗs ಗೊತ್ತಿಲ್ಲ. ಕೊಯ್ತಾ ಮ್ಯಾಲ ನಿಂತಿತ್ತು. ಕಾಕಾ ಅವ್ವನ ಮಾತ ತಗದಿದ್ದ. ಆಗ ಏನ ಅಂದ್ಕೊಂಡ್ನಿ, ನೆನಪಾಗವಲ್ದು. ನಿನಗ ಗೊತ್ತಿರ್ತೈತಿ ಅನಿಸ್ತು. ನೀ ಅಂಥಾ ಕಾಯಿ ತಂದಿ ಅಂದ್ರ, ನಾ ಬೇಕಂತs ಹೊಡದೇನಿ ಅಂತ ತಿಳಕೊಂಡ್ನಿ."

ಶೆಟ್ಟೆವ್ವ ಸೆರಗಿನ ಮುದ್ದೆಯನ್ನು ಇನ್ನಷ್ಟು ಒತ್ತಿ ಹಿಡಿದಳು. ಆ ಖರೆ ಸಿಗಬಹುದಾಗಿದ್ದ ಒಂದೇ ಕಡೆ ಬೀರಪ್ಪನ ಕಟ್ಟೆ; ಅಲ್ಲಿಂದ ಅದನ್ನು ತಾನೇ ಅಳಿಸಿ ಬಂದಿದ್ದಳು. ಮುಂದೆ ಕುಳಿತ ಬೀರಸಿದ್ದಪ್ಪನ ಬೆನ್ನು ಅಲುಗಲಿಲ್ಲ. ಅವನು ಎಲ್ಲವನ್ನೂ ಕೇಳಿಸಿಕೊಂಡಿದ್ದ.

ಲಕ್ಷ್ಮಣನ ಕಣ್ಣುಗಳು ಮುಚ್ಚತೊಡಗಿದವು.

"ಮಲಗಗೊಡಬ್ಯಾಡ ಅಂವನ್ನ," ಎಂದ ಬೀರಸಿದ್ದಪ್ಪ, ಹಿಂದಿರುಗಿ ನೋಡದೆ. ದನಿ ಒಡೆದಿತ್ತು. "ಮಾತಾಡಸು. ಏನರ ಮಾತಾಡು. ದುಂಡೇಶಾ, ಜೋರ ಹೊಡಿಯೊ ಗಾಡಿ."

ಏನು ಮಾತಾಡುವುದು? ಒಳ್ಳೆಯ ಮಾತೊಂದೂ ಅವಳ ಬಾಯಿಗೆ ಬರಲಿಲ್ಲ. ಬಂದದ್ದು ಬೈಗುಳ.

"ಏ ಹಾಟ್ಯಾ, ಕಣ್ಣ ತೆರಿ. ನಿನ್ನ ಸುಟ್ಟ ಬರಲಿ. ನನ್ನ ಗಂಡನ ಕೈ ಕಡದ ಮಲಗತಿ ಏನ?"

"ಹೂಂ."

"ಹೂಂ ಅಂತೀಯಾ? ನಾಚಿಕಿಗೇಡಿ. ನಾಳೆ ಅಂವಗ ತುತ್ತ ಯಾರ ಮಾಡಿ ತಿನಸಬೇಕು? ಇಪ್ಪತ್ತೆರಡ ಗಿಡಾ ಯಾರ ಹತ್ತಬೇಕು? ನಿಮ್ಮ ಮುತ್ತ್ಯಾ ಎದ್ದ ಬರ್ತಾನೇನು?"

"ಹೂಂ."

"ಕುರಿಗೂ ಇದ್ದಷ್ಟು ಬುದ್ಧಿ ಇಲ್ಲ ನಿನಗ. ಕಿವುಡ ಕಾಯಿ ಅಂತ ತಿಳದೂ ತಲಿ ಕೊಡ್ತಾರೇನೊ, ಮೂಳಾ?"

ಈ ಸಲ ಹೂಂ ಬರಲು ತಡವಾಯಿತು. ಶೆಟ್ಟೆವ್ವ ಬಗ್ಗಿ, ಅವನ ಕಿವಿಯ ಹತ್ತಿರ ಬಾಯಿ ಇಟ್ಟು, ದಡ್ಡಿಯಿಂದ ಮೂಡಲಗಿಯವರೆಗೆ ತಾನು ಕೇಳಿದ್ದ, ಜನ್ಮದಲ್ಲಿ ಎಂದೂ ಆಡದಿದ್ದ ಹೊಲಸು ಬೈಗುಳಗಳನ್ನೆಲ್ಲ ಒಂದೊಂದಾಗಿ ತೆಗೆದು ಬೈಯುತ್ತ ಹೋದಳು. ಗೋಕಾಕದ ಮೊದಲ ಮನೆಗಳು ಕಂಡವು. ಚೌಕದಲ್ಲಿ ಗಾಡಿ ನಿಂತಾಗ ಬಾಜೂ ನಿಂತ ಬಸ್ಸಿನ ಮಂದಿ ಕಿಟಕಿಯಿಂದ ಇಣುಕಿ, ರಕ್ತದಲ್ಲಿ ತೊಯ್ದ ಗಂಡಸನ್ನು ಮಡಿಲಲ್ಲಿಟ್ಟುಕೊಂಡು ಬೈಯುತ್ತಿದ್ದ ಹೆಂಗಸನ್ನು ಕಂಡು ಬೆದರಿದರು. ಅವಳಿಗೆ ಅವರು ಕಾಣಲಿಲ್ಲ. ಪ್ರತಿ ಬೈಗುಳದ ಕೊನೆಗೆ ಅವಳು ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದಳು. ಹೂಂ ಎಂದು ಕೇಳಿಸಿದ ಮೇಲೆ ಮುಂದಿನದನ್ನು ಎತ್ತಿಕೊಳ್ಳುತ್ತಿದ್ದಳು.